ತಿದ್ದಕ್ಕ ದಾಟಿಸಿದ ಒಂದೂವರೆ ಪುಟ

ನಮ್ಮ ಪ್ರೆಸ್ಸಿನ ತಿದ್ದಕ್ಕನ ಕೈ ದಾಟಿ ಬಂದ ಪುಸ್ತಕದಲ್ಲಿ ಯಾರಾದರೂ ಒಂದೇ ಒಂದು ತಪ್ಪು ಹುಡುಕಿ ತೋರಿಸಿದರೆ, ನನ್ನ ಮೀಸೆಯ ಎಡಭಾಗ ಬೋಳಿಸಿಕೊಂಡು ಪೇಟೆಬೀದಿಯಲ್ಲಿ ಓಡಾಡುತ್ತೇನೆ. ಇದು ನಾನು ಇಪ್ಪತ್ತು ವರ್ಷದಿಂದ ಕಂಡಕಂಡವರ ಎದುರು ಎದೆ ತಟ್ಟಿ ಹೇಳಿಕೊಂಡು ಬಂದ ಮಾತು. ಹೇಳುವಾಗ ಮೀಸೆಯನ್ನು ಒಮ್ಮೆ ತಿರುವುತ್ತಿದ್ದೆ, ಎಡಭಾಗವನ್ನೇ.

ತಿದ್ದಕ್ಕ ಕರಡು ತಿದ್ದುವವರು. ನಾನು ಬೈಂಡರ್, ಅಚ್ಚಾದ ಹಾಳೆ ಮಡಿಸಿ, ಹೊಲಿದು, ರಟ್ಟು ಅಂಟಿಸುವವನು. ವಯಸ್ಸಿನಲ್ಲಿ ಅವರು ನನಗಿಂತ ಹದಿನಾಲ್ಕು ವರ್ಷ ಚಿಕ್ಕವರು; ಆದರೂ ನನಗೆ, ಯಜಮಾನರಿಗೆ, ಕಾಗದದ ಲಾರಿಯವನಿಗೆ, ಎಲ್ಲರಿಗೂ ಅಕ್ಕನೇ. ಅವರು ಬೀದಿಯಲ್ಲಿ ಬರುವುದು ಕಂಡರೆ ಅಂಗಡಿಗಳ ಬೋರ್ಡುಗಳು ತಾವಾಗಿಯೇ ತಮ್ಮ ಒತ್ತಕ್ಷರ ಸರಿಮಾಡಿಕೊಳ್ಳುತ್ತಿದ್ದವು. ಗೋಡೆಯ ಮೇಲೆ ಇರುವೆಯ ಸಾಲು ಹೊರಟಿದ್ದರೆ ನಿಂತು ನೋಡಿ, ನಡುವೆ ಒಂದು ಬಿಟ್ಟುಹೋಗಿದೆ ಎನ್ನುವವರು. ಮದುವೆಯ ಕರೆಯೋಲೆ ಬಂದರೆ ಕೆಂಪು ಶಾಯಿಯಲ್ಲಿ ತಿದ್ದಿ ಕೊಟ್ಟವರಿಗೇ ವಾಪಸು ಕಳಿಸುತ್ತಿದ್ದರು. ಅದರಿಂದ ಎರಡು ಮದುವೆ ಮುಂದಕ್ಕೆ ಹೋದವು ಎಂದರೆ ಜನ ನಂಬುವುದಿಲ್ಲ. ಒಂದಂತೂ ಹೋದದ್ದು ನಿಜ.

ಅವರ ಕೆಲಸದ ಕ್ರಮ ಹೀಗೆ. ಲೇಖಕರ ಹಸ್ತಪ್ರತಿಯನ್ನು ಒಬ್ಬರು ಗಟ್ಟಿಯಾಗಿ ಓದಬೇಕು. ಮಾತಷ್ಟೇ ಅಲ್ಲ, ಚಿಹ್ನೆಗಳನ್ನೂ ಸೇರಿಸಿ. ‘ಅವಳು ಬಂದಳು ಅಲ್ಪ ಕೂತಳು ಅಲ್ಪ ಅತ್ತಳು ಪೂರ್ಣ ಹೊಸ ಪ್ಯಾರ.’ ಅಲ್ಪ ಎಂದರೆ ಅಲ್ಪವಿರಾಮ, ಪೂರ್ಣ ಎಂದರೆ ಪೂರ್ಣವಿರಾಮ. ಎದುರಿಗೆ ತಿದ್ದಕ್ಕ ಕರಡು ಹಿಡಿದು, ಕಿವಿಗೆ ಬಿದ್ದದ್ದನ್ನೂ ಕಣ್ಣಿಗೆ ಕಂಡದ್ದನ್ನೂ ತಾಳೆ ನೋಡುತ್ತ ಹೋಗುವರು. ಎರಡಕ್ಕೂ ವ್ಯತ್ಯಾಸ ಬಂತೋ, ಓದಿದ್ದೇ ಸರಿ, ಕರಡಿನದು ತಪ್ಪು. ಓದುವವರ ಕೈಯಲ್ಲಿರುವುದು ಲೇಖಕರ ಅಕ್ಷರ, ಕರಡಿನಲ್ಲಿರುವುದು ನಮ್ಮ ಟೈಪ್ ಮಾಡುವವಳ ಬೆರಳು. ಇದು ಪ್ರೆಸ್ಸಿನ ಕಾನೂನು. ಆಮೇಲೆ ಅವರೊಬ್ಬರೇ ಕೂತು ಪ್ರತಿ ಪುಟವನ್ನೂ ಕೊನೆಯ ಸಾಲಿನಿಂದ ಮೇಲಕ್ಕೆ ಓದುವರು, ಕಥೆ ಮನಸ್ಸಿಗೆ ಅಂಟಬಾರದೆಂದು.

‘ಕಥೆ ಹಿಂದೆ ಹೋದ ಕಣ್ಣು ಅಕ್ಷರ ನೋಡಲ್ಲ ಬೈಂಡರೇ’ ಎನ್ನುತ್ತಿದ್ದರು.

ಹೀಗೆ ಮೂವತ್ತೊಂದು ವರ್ಷದಲ್ಲಿ ಎಷ್ಟೋ ಸಾವಿರ ಕಥೆ ತಿದ್ದಿದ್ದಾರೆ, ಒಂದನ್ನೂ ಓದಿಲ್ಲ. ಒಮ್ಮೆ ಒಂದು ಪತ್ತೇದಾರಿ ಪುಸ್ತಕ ಹೊಲಿಯುತ್ತ, ಕೊಲೆ ಮಾಡಿದ್ದು ಯಾರಕ್ಕ ಎಂದು ಕೇಳಿದೆ. ‘ನನಗೇನು ಗೊತ್ತು. ಆದರೆ ಅವನ ಹೆಸರಲ್ಲಿ ಒಂದು ಮಹಾಪ್ರಾಣ ಇದೆ. ಹನ್ನೆರಡು ಕಡೆ ಬಿಟ್ಟಿದ್ದರು’ ಎಂದರು.

ಓದಿ ಹೇಳಲು ಒಬ್ಬರು ನಿವೃತ್ತ ಮೇಷ್ಟ್ರಿದ್ದರು. ಅವರು ಹೋದ ವರ್ಷ ಹಲ್ಲಿನ ಸೆಟ್ಟು ಹಾಕಿಸಿಕೊಂಡರು ನೋಡಿ, ಅಲ್ಲಿಂದ ತೊಂದರೆ ಶುರುವಾಯಿತು. ಪೂರ್ಣ ಎಂದಾಗಲೆಲ್ಲ ಬಾಯಿಂದ ಸಿಳ್ಳೆ. ಒಂದು ಪುಟ ಮುಗಿಯುವಷ್ಟರಲ್ಲಿ ಬೀದಿಯ ನಾಯಿಗಳೆಲ್ಲ ಬಂದು ಪ್ರೆಸ್ಸಿನ ಬಾಗಿಲಲ್ಲಿ ಬಾಲ ಅಲ್ಲಾಡಿಸುತ್ತ ಸಾಲಾಗಿ ಕೂತಿರುತ್ತಿದ್ದವು. ಮೇಷ್ಟ್ರು ತಾವೇ ನಾಚಿಕೊಂಡು ಕೆಲಸ ಬಿಟ್ಟರು. ಹೊಸಬರು ಸಿಗುವವರೆಗೆ ಕರಡನ್ನು ಮನೆಗೆ ತೆಗೆದುಕೊಂಡು ಹೋಗುತ್ತೇನೆ, ನಮ್ಮ ಚಿನಕುರಳಿ ಓದುತ್ತಾಳೆ ಎಂದರು ತಿದ್ದಕ್ಕ.

ಚಿನಕುರಳಿ ಎಂದರೆ ಅವರ ತಮ್ಮನ ಮಗಳು. ಹದಿನೈದು ವರ್ಷ. ತಮ್ಮ, ತಮ್ಮನ ಹೆಂಡತಿ, ಈ ಹುಡುಗಿ, ತಿದ್ದಕ್ಕ, ನಾಲ್ವರೂ ಟೈಲರ್ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿರುವುದು. ಗಂಡ ಹೆಂಡತಿ ಇಬ್ಬರೂ ಬಿಸ್ಕತ್ ಕಾರ್ಖಾನೆಯಲ್ಲಿ ಹಗಲು ಪಾಳಿ. ಹುಡುಗಿ ಹುಟ್ಟಿದ ಮೂರನೆಯ ದಿನವೇ ಮಾತಾಡಿದಳೆಂದು ನಾನು ಹೇಳಿದರೆ ಅವರಮ್ಮ ಅಲ್ಲಗಳೆಯುವುದಿಲ್ಲ, ಎರಡನೆಯ ದಿನ ಎಂದು ತಿದ್ದುತ್ತಾಳೆ. ಅಂಥ ಬಾಯಿ.

ಆ ಬಾಯಿಯ ಕೆಳಗೆ ಬೆನ್ನು ಸ್ವಲ್ಪ ಓರೆಯಾಗಿ ಬೆಳೆಯತೊಡಗಿತ್ತು. ಡಾಕ್ಟರು ಕುತ್ತಿಗೆಯಿಂದ ಸೊಂಟದವರೆಗೆ ಬರುವ ಒಂದು ಗಟ್ಟಿ ಪ್ಲಾಸ್ಟಿಕ್ ಕವಚ ಮಾಡಿಸಿ ತೊಡಿಸಿದರು. ದಿನಕ್ಕೆ ಇಪ್ಪತ್ತಮೂರು ಗಂಟೆ ಹಾಕಿರಬೇಕು, ಸ್ನಾನಕ್ಕೆ ಒಂದು ಗಂಟೆ ಬಿಡುವು. ಎತ್ತರ ಬೆಳೆದಂತೆ ಅದನ್ನೂ ಬದಲಾಯಿಸುತ್ತ ಹೋಗಬೇಕು, ಬೆಳೆಯುವುದು ನಿಲ್ಲುವವರೆಗೆ. ಶಾಲೆಗೆ ಧಾರಾಳವಾಗಿ ಹೋಗಬಹುದು ಎಂದಿದ್ದರು ಡಾಕ್ಟರು. ಮೊದಲ ದಿನ ಹೋದಳು. ಬಸ್ ನಿಲ್ದಾಣದಲ್ಲಿ ಯಾವನೋ ಒಬ್ಬ ಹುಡುಗ ಅವಳ ಬೆನ್ನಿಗೆ ಬಾಗಿಲು ತಟ್ಟಿದ ಹಾಗೆ ಟಕಟಕ ತಟ್ಟಿ, ‘ಒಳಗೆ ಯಾರಿದ್ದೀರಿ’ ಎಂದು ಕೇಳಿದನಂತೆ. ನಿಂತವರೆಲ್ಲ ನಕ್ಕರಂತೆ. ತಿರುಗಿ ಮನೆಗೆ ಬಂದವಳು ನಾಲ್ಕು ತಿಂಗಳಾದರೂ ಮೆಟ್ಟಿಲಿಳಿದಿರಲಿಲ್ಲ. ಕಿಟಕಿಯ ಪಕ್ಕದ ಕುರ್ಚಿಯೇ ಅವಳ ಲೋಕ. ಮುಂದಿನ ತಿಂಗಳ ಕೊನೆಯೊಳಗೆ ಶಾಲೆಗೆ ಖುದ್ದಾಗಿ ಹೋಗಿ ಪರೀಕ್ಷೆಯ ಅರ್ಜಿಗೆ ಸಹಿ ಹಾಕದಿದ್ದರೆ ಒಂದು ವರ್ಷ ಹೋಯಿತು ಎಂದೇ ಲೆಕ್ಕ. ಅಪ್ಪ ಗದರಿದ್ದ, ಅಮ್ಮ ಅತ್ತಿದ್ದಳು. ತಿದ್ದಕ್ಕ ಮಾತ್ರ ಏನೂ ಅಂದಿರಲಿಲ್ಲ. ಅವರು ಕರಡು ತಂದು ಮುಂದಿಟ್ಟರು, ಅಷ್ಟೆ.

ಆಗ ಬಂದದ್ದು ‘ಉಸಿರಾಡುವ ಕೋಟೆ’. ಬರೆದವನು ಒಬ್ಬ ಬಸ್ ಕಂಡಕ್ಟರ್, ಇಪ್ಪತ್ತಾರು ವರ್ಷದ ಸಣಕಲು ಹುಡುಗ. ಹದಿಹರೆಯದವರಿಗೆಂದು ಬರೆದ ಮಾಯಾಲೋಕದ ಕಾದಂಬರಿ, ಮುನ್ನೂರು ಪುಟ. ಅರ್ಧ ಭಾಗವನ್ನು ಓಡುವ ಬಸ್ಸಿನಲ್ಲೇ ಬರೆದಿದ್ದ. ರಸ್ತೆಯ ಪ್ರತಿ ಗುಂಡಿಯೂ ಅಕ್ಷರದಲ್ಲಿ ದಾಖಲಾಗಿತ್ತು. ಆ ಹಸ್ತಪ್ರತಿ ನೋಡಿ ಯಾವ ರಸ್ತೆಗೆ ಡಾಂಬರು ಬೇಕೆಂದು ಹೇಳಬಹುದಿತ್ತು. ‘ನಾನು ಡ್ಯೂಟಿ ಬಿಟ್ಟು ಬರೋಕಾಗಲ್ಲ. ಅಕ್ಕ ನೋಡಿದರೆ ಸಾಕು, ನಾನು ಬೇರೆ ನೋಡೋದೇನಿದೆ’ ಎಂದು ನಂಬಿ ಒಪ್ಪಿಸಿ ಹೋದ.

ಕಥೆ ಒಂದು ಸೆರೆಮನೆಯದು, ಜೀವವಿರುವ ಸೆರೆಮನೆ. ಗೋಡೆಗಳು ಉಸಿರಾಡುತ್ತವೆ. ಬಾಗಿಲು ಮೊಳೆಯುತ್ತದೆ, ಹತ್ತಿರ ಹೋದರೆ ಗೋಡೆಯೇ ಅದನ್ನು ನುಂಗಿಬಿಡುತ್ತದೆ. ಒಳಗೆ ಒಬ್ಬಳೇ ಹುಡುಗಿ. ಇದನ್ನು ನಾನು ಓದಿ ತಿಳಿದದ್ದಲ್ಲ, ಕೇಳಿ ತಿಳಿದದ್ದು. ಕರಡಿನ ಕಟ್ಟು ಹೊತ್ತು ತರುವ ನೆಪದಲ್ಲಿ ಮಧ್ಯಾಹ್ನ ಅವರ ಮನೆಗೆ ಹೋಗಿ, ಚಹಾ ಮುಗಿದ ಮೇಲೂ ಖಾಲಿ ಲೋಟ ಹಿಡಿದು ಕೂತಿರುತ್ತಿದ್ದೆ.

ಚಿನಕುರಳಿಗೆ ಕುತ್ತಿಗೆ ಬಗ್ಗಿಸಲು ಆಗುತ್ತಿರಲಿಲ್ಲ. ಹಾಳೆಯನ್ನು ಮುಖದ ನೇರಕ್ಕೆ ಎತ್ತಿ ಹಿಡಿದು ಓದುವಳು. ನಮಗೆ ಕಾಣುವುದು ಹಾಳೆಯ ಬೆನ್ನು, ಅದರ ಹಿಂದಿನಿಂದ ಬರುವ ದನಿ.

‘ಅವಳು ಒಂದು ಅಂಗುಲ ಬೆಳೆದರೆ ಅಲ್ಪ ಗೋಡೆಯೂ ಒಂದು ಅಂಗುಲ ಬೆಳೆಯುತ್ತಿತ್ತು ಪೂರ್ಣ.’

ಅಲ್ಲಿಗೆ ದನಿ ನಿಂತಿತು.

‘ಮುಂದೆ?’ ಎಂದರು ತಿದ್ದಕ್ಕ, ಕರಡಿನಿಂದ ಕಣ್ಣೆತ್ತದೆ.

‘ಅತ್ತೆ, ಈ ಕಂಡಕ್ಟರಿಗೂ ಬೆನ್ನು ನೋವಿದೆಯಾ?’

‘ಕಥೆ ಓದಬೇಡ. ಅಕ್ಷರ ಓದು.’

‘ಅಕ್ಷರಾನೇ ಓದಿದೆ ಪೂರ್ಣ ಅದರಲ್ಲೇ ಕಥೆ ಇದ್ದರೆ ನಾನೇನು ಮಾಡಲಿ ಪ್ರಶ್ನೆ ಹೊಸ ಪ್ಯಾರ’ ಎಂದು ಹಾಳೆಯ ಹಿಂದಿನಿಂದಲೇ ಗೊಣಗಿ ಮುಂದುವರಿಸಿದಳು.

ಹದಿನೆಂಟು ದಿನ ಓದಿದರು. ಮೊದಮೊದಲು ನಿದ್ದೆಗಣ್ಣಲ್ಲಿ ಓದುತ್ತಿದ್ದವಳು ಆಮೇಲಾಮೇಲೆ ನಾನು ಮೆಟ್ಟಿಲು ಹತ್ತುವ ಸದ್ದಿಗೇ ‘ಕಟ್ಟು ಬಂತು’ ಎಂದು ಕೂಗುವಳು. ಮಾತು ಮರಳಿ ಬಂತು, ಜಗಳ ಮರಳಿ ಬಂತು. ನನ್ನನ್ನು ಬೈಂಡರ್ ಮಾಮ ಎನ್ನುತ್ತಿದ್ದವಳು ‘ಅಂಟು ಮಾಮ’ ಎಂದು ಬಡ್ತಿ ಕೊಟ್ಟಳು. ಮೆಟ್ಟಿಲು ಮಾತ್ರ ಇಳಿಯಲಿಲ್ಲ.

ಕೊನೆಯ ಕಟ್ಟಿನ ದಿನ ನಾನೂ ಅಲ್ಲಿದ್ದೆ. ಓದುತ್ತ ಓದುತ್ತ ಒಂದು ಕಡೆ ಹುಡುಗಿ ಹಾಳೆ ತಿರುವಿದಳು, ಅದನ್ನು ಇನ್ನಷ್ಟು ಮೇಲಕ್ಕೆತ್ತಿ ಹಿಡಿದಳು, ಮತ್ತೆ ಶುರುಮಾಡಿದಳು. ತಿದ್ದಕ್ಕನ ಪೆನ್ನು ಕರಡಿನ ಮೇಲೆ ಉದ್ದಕ್ಕೆ ಅಡ್ಡಗೆರೆ ಎಳೆಯಿತು. ಆಮೇಲೆ ಅಂಚಿನಲ್ಲಿ ಬರೆಯತೊಡಗಿತು. ಬರೆದೇ ಬರೆಯಿತು. ಒಂದು ಅಂಚು ತುಂಬಿ ಇನ್ನೊಂದಕ್ಕೆ ಹೋಯಿತು, ಕೊನೆಗೆ ಬಿಳಿ ಹಾಳೆಯನ್ನೇ ಸೇರಿಸಿಕೊಂಡಿತು. ‘ನಿಧಾನ’ ಎಂದು ಎರಡು ಸಲ ಹೇಳಿದರು. ಹುಡುಗಿ ನಿಧಾನ ಮಾಡಿದಳು. ಅಲ್ಪ, ಪೂರ್ಣ, ಒಂದೂ ತಪ್ಪಲಿಲ್ಲ.

‘ತುಂಬಾ ಬಿಟ್ಟಿದಾಳಾ ನಮ್ಮ ಟೈಪಿನವಳು?’ ಎಂದು ಕೇಳಿದೆ.

‘ಒಂದೂವರೆ ಪುಟ’ ಎಂದರು.

‘ಕೂತಲ್ಲೇ ತೂಕಡಿಸಿರಬೇಕು.’

ತಿದ್ದಕ್ಕ ಪೆನ್ನಿನ ಟೋಪಿ ಮುಚ್ಚಿದರು. ನಾನು ಚಹಾ ಲೋಟದೊಳಗೆ ನೋಡುತ್ತ ಕೂತಿದ್ದೆ. ನೋಡಬೇಕಾದ ಕಡೆ ನೋಡಲಿಲ್ಲ.

ತಿದ್ದಕ್ಕ ತಿದ್ದಿದ್ದನ್ನು ನಮ್ಮಲ್ಲಿ ಯಾರೂ ಮರುಪ್ರಶ್ನೆ ಮಾಡುವುದಿಲ್ಲ. ಟೈಪಿನವಳು ಬಾಯಿ ಮುಚ್ಚಿಕೊಂಡು ಹೊಡೆದಳು, ಯಂತ್ರ ಸಾವಿರ ಪ್ರತಿ ಅಚ್ಚು ಹಾಕಿತು, ನಾನು ಮಡಿಸಿ ಹೊಲಿಯಲು ಕೂತೆ. ನಲವತ್ತು ಪುಸ್ತಕ ಸಿದ್ಧವಾಗಿದ್ದವು, ಒಂದು ಬೆಳಿಗ್ಗೆ ಕಂಡಕ್ಟರು ಪಾಳಿ ಮುಗಿಸಿ ಖಾಕಿಯಲ್ಲೇ ಬಂದ. ಹೊಸ ಪುಸ್ತಕ ಕೈಗೆ ಬಂದರೆ ಮೂಸಿ ನೋಡುವವರಿದ್ದಾರೆ, ಎದೆಗೊತ್ತಿಕೊಳ್ಳುವವರಿದ್ದಾರೆ. ಇವನು ಟಿಕೆಟ್ ಕಟ್ಟು ಪರೀಕ್ಷಿಸುವವನಂತೆ ಹೆಬ್ಬೆರಳಲ್ಲಿ ಹಾಳೆಗಳನ್ನು ಸರ್ರನೆ ಬಿಟ್ಟು ಕೊನೆಯ ಪುಟಕ್ಕೆ ಹೋಗಿ ನಿಂತ. ಓದಿದ. ಹಿಂದಿನ ಪುಟಕ್ಕೆ ಬಂದ. ಮತ್ತೆ ಓದಿದ.

‘ಇದು ನಾನು ಬರೆದದ್ದಲ್ಲ’ ಎಂದ.

ನನ್ನ ಕೈ ತಾನಾಗಿಯೇ ಮೀಸೆಯ ಎಡಭಾಗಕ್ಕೆ ಹೋಯಿತು.

ಅವನು ಬರೆದ ಕೊನೆ ಇಷ್ಟು: ಹೊರಗಿನಿಂದ ಒಬ್ಬ ರಾಜಕುಮಾರ ಬರುತ್ತಾನೆ, ಕತ್ತಿಯಿಂದ ಕೋಟೆಯ ಹೃದಯ ಸೀಳುತ್ತಾನೆ, ಕೋಟೆ ಸಾಯುತ್ತದೆ, ಹುಡುಗಿಗೆ ಬಿಡುಗಡೆ. ಅಚ್ಚಾದದ್ದು ಬೇರೆ. ರಾಜಕುಮಾರನ ಸುಳಿವೇ ಇಲ್ಲ. ಹುಡುಗಿ ಗೋಡೆಗೆ ಕಿವಿ ಇಟ್ಟು ಕೇಳಿದಾಗ, ಕೋಟೆಗೂ ಹೆದರಿಕೆ, ಅದೂ ಹುಟ್ಟಿದಾಗಿನಿಂದ ಒಂದೇ ಜಾಗದಲ್ಲಿ ಕೂತಿದೆ ಎಂದು ಗೊತ್ತಾಗುತ್ತದೆ. ‘ಏಳು, ಒಮ್ಮೆ ಹೊರಗೆ ಹೋಗಿ ಬರೋಣ’ ಎನ್ನುತ್ತಾಳೆ. ಕೋಟೆ ಏಳುತ್ತದೆ. ಅದನ್ನು ತೊಟ್ಟುಕೊಂಡೇ ಅವಳು ಸಂತೆಬೀದಿಗೆ ನಡೆಯುತ್ತಾಳೆ.

ಯಜಮಾನರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಗೋಡೆ ಬಿದ್ದರೂ ತಿದ್ದಕ್ಕನ ಪುಟ ಬೀಳದು ಎಂದು ನಂಬಿದ್ದವರು. ತಿದ್ದಕ್ಕ ಮೇಜಿನಿಂದ ಎದ್ದು ಬಂದು, ‘ತಪ್ಪು ನನ್ನದು. ಆ ಕಟ್ಟು ತಿದ್ದಿದ್ದು ನಾನು. ನೀವು ಬರೆದದ್ದನ್ನೇ ಮತ್ತೆ ಹಾಕಿಸ್ತೀನಿ’ ಎಂದರು.

‘ಅದು ಸರಿ ಅಕ್ಕ. ಇದನ್ನ ಬರೆದವರು ಯಾರು?’

‘ನನ್ನ ಕೈಬರಹ’ ಎಂದರಷ್ಟೆ.

‘ಬೈಂಡರೇ, ಅಕ್ಕನ ಮನೆಗೆ ಹೋಗಿ ಹಸ್ತಪ್ರತಿ ತನ್ನಿ. ಏನಾಗಿದೆ ನೋಡೇಬಿಡೋಣ’ ಎಂದರು ಯಜಮಾನರು.

ಹೋದೆ. ಟೈಲರ್ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತುವಷ್ಟರಲ್ಲಿ ನನಗೆ ಅರ್ಥವಾಗಿತ್ತು. ನಾನು ಮೊದ್ದು, ಆದರೆ ಅಷ್ಟೊಂದಲ್ಲ. ನಡೆದದ್ದನ್ನು ಹುಡುಗಿಗೆ ಹೇಳಿದೆ. ಹೇಳಬಾರದಿತ್ತೇನೋ.

‘ಅತ್ತೆ ಏನಂದರು?’

‘ತಪ್ಪು ನನ್ನದು ಅಂದರು.’

ಚಿನಕುರಳಿ ಎದ್ದು ಕಿಟಕಿ ಮುಚ್ಚಿದಳು. ಆಮೇಲೆ ಹಸ್ತಪ್ರತಿಯ ಕಟ್ಟನ್ನು ತಾನೇ ಎತ್ತಿಕೊಂಡು, ‘ಚಪ್ಪಲಿ ಕೊಡಿ ಮಾಮ. ಬಗ್ಗೋಕಾಗಲ್ಲ ನನಗೆ’ ಎಂದಳು. ಮಂಚದ ಕೆಳಗಿಂದ ಎಳೆದು ತೊಡಿಸಿದೆ. ಐದು ತಿಂಗಳಲ್ಲಿ ಪಾದ ಒಂದಿಷ್ಟು ಬೆಳೆದು, ಹಿಮ್ಮಡಿ ಹೊರಗಿತ್ತು.

ಪ್ರೆಸ್ಸಿಗೆ ಎರಡು ಬೀದಿ. ನಾನು ಒಂದು ಬೀಡಿ ಸೇದುವಷ್ಟು ದಾರಿ. ಆವತ್ತು ಅದು ಭೂಮಿಗೆ ಒಂದು ಸುತ್ತು ಬಂದಷ್ಟಿತ್ತು. ಪ್ರತಿ ಮೆಟ್ಟಿಲಿಗೂ ಕವಚ ಕಿರ್ ಎನ್ನುತ್ತಿತ್ತು. ಕೆಳಗೆ ಟೈಲರು ಬಾಯಲ್ಲಿ ಸೂಜಿ ಹಿಡಿದುಕೊಂಡೇ ನೋಡಿದ, ಸೂಜಿ ತೆಗೆದ.

‘ಏನಮ್ಮ, ಒಂದೂ ಸುಕ್ಕಿಲ್ಲದ ಬಟ್ಟೆ. ಯಾರು ಹೊಲಿದದ್ದು?’

ಅವಳ ಕಿವಿ ಕೆಂಪಾಯಿತು. ಒಂದು ಕ್ಷಣ, ಈಗ ತಿರುಗಿ ಮೆಟ್ಟಿಲು ಹತ್ತುತ್ತಾಳೆ ಎಂದುಕೊಂಡೆ.

‘ಆಸ್ಪತ್ರೆಯವರು. ನಿಮ್ಮ ಹತ್ತಿರ ಕೊಟ್ಟಿದ್ದರೆ ಇನ್ನೂ ನಾಳೆ ಬಾ ಅಂತಿದ್ದಿರಿ’ ಎಂದಳು.

ಟೈಲರು ನಕ್ಕ. ಆ ನಗು ಬೇರೆ ಥರದ್ದು. ಮುಂದೆ ಬಸ್ ನಿಲ್ದಾಣ. ಅಲ್ಲಿ ಜನ ತುಂಬಿತ್ತು, ಶಾಲೆಯ ಚೀಲ ಹೊತ್ತವರೂ ಇದ್ದರು. ಹುಡುಗಿ ನಿಂತಳು. ಕಟ್ಟನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದಳು.

‘ಹಿಂದಿನ ಓಣಿಯಿಂದ ಸುತ್ತಿಕೊಂಡು ಹೋಗೋಣ ಬಾ’ ಎಂದೆ.

‘ಸುತ್ತಿಕೊಂಡು ಹೋಗೋ ಹೊತ್ತಿಗೆ ಅತ್ತೆ ಬೈಸಿಕೊಂಡು ಮುಗಿದಿರುತ್ತೆ.’

ನಡುವೆಯೇ ನಡೆದಳು. ಕುತ್ತಿಗೆ ಬಗ್ಗದವರು ತಲೆ ತಗ್ಗಿಸಿ ನಡೆಯುವ ಹಾಗೂ ಇಲ್ಲ. ನೋಡುವವರು ನೋಡಿದರು, ಇಡೀ ಬಸ್ಸೇ ಬಗ್ಗಿ ನೋಡಿತು, ಒಂದು ಚಕ್ರ ಮೇಲೆದ್ದಿತ್ತು. ಒಬ್ಬಳು ಮುದುಕಿ ‘ನೋಯುತ್ತಾ ಮಗು’ ಎಂದು ಕೇಳಿದಳು. ‘ಸೆಕೆ ಅಜ್ಜಿ, ನೋವಿಲ್ಲ’ ಎಂದಳು ನಡೆಯುತ್ತಲೇ.

ಪ್ರೆಸ್ಸಿನ ಬಾಗಿಲಲ್ಲಿ ಅವಳನ್ನು ಕಂಡ ತಿದ್ದಕ್ಕ ಕುರ್ಚಿಯ ಬೆನ್ನು ಹಿಡಿದುಕೊಂಡರು. ಹುಡುಗಿ ನೇರ ಕಂಡಕ್ಟರ ಮುಂದೆ ಹೋಗಿ ಕಟ್ಟು ಕೊಟ್ಟಳು.

‘ನೀವು ಬರೆದದ್ದು ಇದರಲ್ಲಿ ಹಾಗೇ ಇದೆ. ನಾನೇ ಅದನ್ನ ಓದಲಿಲ್ಲ. ನನ್ನ ತಲೆಯಿಂದ ಹುಟ್ಟಿಸಿ ಹೇಳಿದೆ. ಅತ್ತೆ ನಾನು ಓದಿದ್ದನ್ನ ಬರೆದರು. ಅವರ ತಪ್ಪಿಲ್ಲ.’

ಕಂಡಕ್ಟರು ಅವಳನ್ನು ನೋಡಿದ, ಕವಚ ನೋಡಿದ. ನೋಡಿದ್ದನ್ನು ಮುಚ್ಚಿಡಲೂ ಹೋಗಲಿಲ್ಲ.

‘ನಾನು ಬರೆದದ್ದರಲ್ಲಿ ಏನು ಕೊರತೆ?’

‘ರಾಜಕುಮಾರ ಬರ್ತಾನೆ ಅಂತ ಬರೆದಿದ್ದೀರಿ. ನಾನು ಐದು ತಿಂಗಳು ಕಿಟಕಿ ಹತ್ತಿರ ಕೂತಿದ್ದೆ. ಈರುಳ್ಳಿ ಗಾಡಿ ಬಂತು. ಹಳೇ ಪೇಪರಿನವನು ಬಂದ. ಅಂಟು ಮಾಮ ಬಂದರು, ಚಹಾಕ್ಕೆ. ಮತ್ಯಾರೂ ಬರಲಿಲ್ಲ.’

‘ಸರಿ. ಆದರೆ ಕೋಟೆ ಎದ್ದು ನಡೀತು ಅಂದೆಯಲ್ಲ. ಮುನ್ನೂರು ಪುಟದಲ್ಲಿ ನಾನು ಅದಕ್ಕೆ ಕಾಲೇ ಬರೆದಿಲ್ಲ. ಕಾಲು ಎಲ್ಲಿಂದ ಬಂತು?’

‘ಅವಳ ಕಾಲೇ’ ಎಂದಳು ಹುಡುಗಿ.

ಯಂತ್ರ ಓಡುತ್ತಿರಲಿಲ್ಲವಾದ್ದರಿಂದ ಆ ಮಾತು ಎಲ್ಲರಿಗೂ ಕೇಳಿಸಿತು. ಕಂಡಕ್ಟರು ಕೊನೆಯ ಪುಟ ತೆರೆದು ಮತ್ತೊಮ್ಮೆ ಓದಿದ. ಕೊನೆಗೆ, ‘ನನ್ನ ರಾಜಕುಮಾರನನ್ನ ನಾನು ಬಿಟ್ಟುಕೊಡಲ್ಲಮ್ಮ. ಅವನನ್ನ ಬರೆಯೋಕೆ ನನಗೆ ಆರು ತಿಂಗಳು ಹಿಡೀತು. ಇವು ನಲವತ್ತು ಹೊಲಿದಾಗಿದೆಯಂತೆ, ಬಿಚ್ಚೋದು ಬೇಡ. ಉಳಿದದ್ದಕ್ಕೆ ನನ್ನದು ಹಾಕಿ’ ಎಂದ. ಹೋಗುವಾಗ ನಲವತ್ತರಲ್ಲಿ ಒಂದನ್ನು ತಾನೇ ಚೀಲಕ್ಕೆ ಹಾಕಿಕೊಂಡು ಹೋದ. ಮುಂದೆ ಅವನ ಬಸ್ಸಿನಲ್ಲೇ ಇಬ್ಬರು ಗೆಳತಿಯರು, ಕೊನೆಯಲ್ಲಿ ರಾಜಕುಮಾರ ಬಂದ, ಬರಲಿಲ್ಲ ಎಂದು ಜಗಳವಾಡಿ ಮಾತು ಬಿಟ್ಟರಂತೆ. ಅವನು ಸೀಟಿ ಊದಿಕೊಂಡು ಸುಮ್ಮನಿದ್ದನಂತೆ.

ಸೋಮವಾರ ಅರ್ಜಿಗೆ ಸಹಿ ಹಾಕುವ ಕೊನೆಯ ದಿನ. ಹುಡುಗಿ ಬೀದಿಗಿಳಿದಾಗ ನಾನು ಕೆಳಗೆ ಕಾದಿದ್ದೆ, ಮೀಸೆಯ ಎಡಭಾಗ ಬೋಳಿಸಿಕೊಂಡು. ಆಡಿದ ಮಾತು ಆಡಿದ್ದೇ. ಅವಳ ಜೊತೆ ಶಾಲೆಯವರೆಗೂ ನಡೆದೆ, ಮಂಗಳವಾರವೂ, ಬುಧವಾರವೂ. ಬಸ್ ನಿಲ್ದಾಣದಲ್ಲಿ ಒಬ್ಬರೂ ಅವಳ ಕವಚದ ಕಡೆ ನೋಡಲಿಲ್ಲ. ಎಲ್ಲರಿಗೂ ನನ್ನ ಮುಖ ನೋಡಿ ಮುಗಿಯುತ್ತಿರಲಿಲ್ಲ. ಗುರುವಾರ, ‘ಮಾಮ, ನಾಳೆಯಿಂದ ನೀವು ಬರಬೇಡಿ. ನಿಮ್ಮ ಜೊತೆ ನಡೆಯೋಕೆ ನನಗೆ ನಾಚಿಕೆ ಆಗುತ್ತೆ’ ಎಂದಳು.

ಇದನ್ನು ತಿದ್ದಕ್ಕನಿಗೆ ಹೇಳಿದೆ. ಅವರು ಒಂದು ಅಡುಗೆ ಪುಸ್ತಕವನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಿದ್ದರು. ಬಹಳ ಹೊತ್ತು ನಕ್ಕರು, ಸೆರಗಿನಿಂದ ಕಣ್ಣೊರೆಸಿಕೊಂಡರು. ಇದೇ ಸಮಯವೆಂದು ನಾನು ಕೇಳಿಯೇಬಿಟ್ಟೆ.

‘ಅಕ್ಕ, ನಿಜ ಹೇಳಿ. ಅವಳು ಹಾಳೆ ಹಿಂದೆ ಕೂತು ಸ್ವಂತದ್ದು ಹೇಳ್ತಿದ್ದಾಳೆ ಅಂತ ನಿಮಗೆ ಅವತ್ತೇ ಗೊತ್ತಾಗಿತ್ತು ತಾನೆ? ಮೂವತ್ತೊಂದು ವರ್ಷ ಒಂದು ಕಥೇನೂ ಓದದವರು ನೀವು.’

ತಿದ್ದಕ್ಕ ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡು, ಬೆರಳನ್ನು ಮುಂದಿನ ಸಾಲಿಗೆ ಇಟ್ಟರು.

‘ಕಥೆ ಓದಲ್ಲ ಅಂದಿದ್ದೆ ಬೈಂಡರೇ, ಕೇಳಲ್ಲ ಅಂತ ಯಾವತ್ತಾದರೂ ಅಂದಿದ್ದೆನಾ?’